ಕರಿ ಮೇಕೆಯ ಕೈತುತ್ತು

"ಇವತ್ತು ಆ ಮನೇಲಿ ಯಾರ ಕೈಯಿಂದಲೂ ಏನೂ ತಿನ್ಬೇಡ ಬಾಲಮ್, ಮಗನೇ. ತಟ್ಟೇಲಿ ಹಾಕಿದ್ರೆ ತಿನ್ನು, ಬಟ್ಟಲಲ್ಲಿ ಕೊಟ್ರೆ ಕುಡಿ. ಬಾಯಿಗೇ ಇಡೋಕೆ ಬಂದ್ರೆ ಮಾತ್ರ ಹಲ್ಲು ಕಚ್ಕೊಂಡು ಕೂತ್ಕೋ."

ಬೇಲಿಯ ಆಚೆಯಿಂದ ಇಷ್ಟು ಹೇಳಿ ಪಕ್ಕದ ತೋಟದ ಮುದುಕಿ ಕಲಿಚ್ ಅಪಾ ಸುತ್ತಲೂ ನೋಡಿದಳು. ಬಿಸಿಲು ಇನ್ನೂ ಬೆಟ್ಟ ಇಳಿದಿರಲಿಲ್ಲ. ಸರೋವರದ ಕಡೆಯಿಂದ ತಣ್ಣನೆಯ ಗಾಳಿ ಮೆಲ್ಲಗೆ ಹತ್ತಿ ಬರುತ್ತಿತ್ತು. ರಾಸ್ಪ್‌ಬೆರಿ ಗಿಡಗಳು ಇಬ್ಬನಿಯ ಭಾರಕ್ಕೆ ಬಾಗಿದ್ದವು. ಎದೆಮಟ್ಟದ ಆ ಮುಳ್ಳುಗಳ ನಡುವೆ ನಿಂತ ಇಲ್ಗಿಜ್ ಸೊಂಟದ ಬೆಲ್ಟಿಗೆ ಕಟ್ಟಿಕೊಂಡ ಡಬ್ಬಿಗೆ ಎರಡೂ ಕೈಯಲ್ಲಿ ಹಣ್ಣು ಬಿಡಿಸಿ ಹಾಕುತ್ತಿದ್ದ. ಬೆರಳುಗಳು ರಕ್ತ ಹಚ್ಚಿದಂತೆ ಕೆಂಪಾಗಿದ್ದವು.

"ಯಾಕೆ ಅಪಾ? ವಿಷ ಗಿಷ ಹಾಕ್ತಾರಾ?"

"ಕರಿ ಮೇಕೆ ತಂದಿದಾರಲ್ಲ, ನೋಡಿದ್ಯಾ?"

"ನಾನೇ ಹಗ್ಗ ಹಿಡ್ಕೊಂಡು ಬಂದೆ. ತುರಾತ್‌ಗೆ ಹುಷಾರಾಗ್ಲಿ ಅಂತ ಮಂತ್ರ ಹಾಕೋ ಬಕ್ಷಿ ಬಂದು ಇದರ ಪುಪ್ಪುಸದಲ್ಲಿ ಅವನಿಗೆ ಹೊಡೀತಾಳಂತೆ."

"ಹೊಡೀಲಿ. ಹೊಡೆದ ಮೇಲೆ ಆ ಪುಪ್ಪುಸ ನಾಯಿಗೆ ಹೋಗ್ಬೇಕು. ರೋಗಿಯ ಉಸಿರು ಅದರೊಳಗೆ ಇರುತ್ತೆ. ನನ್ನ ನಾಯಿನ ಉಪವಾಸ ಕೆಡವಿ ನಿಮ್ಮ ಗೇಟಿನ ಹತ್ರ ಕಟ್ಟಿದೀನಿ. ಅದರ ಬಾಯಿಗೆ ಬಿತ್ತಾ ಇಲ್ವಾ ನೋಡ್ಕೋ."

ಇಲ್ಗಿಜ್ ತಲೆ ಹಿಂದಕ್ಕೆ ಚೆಲ್ಲಿ ನಕ್ಕುಬಿಟ್ಟ. "ಅಯ್ಯೋ, ಈಗ ಗೊತ್ತಾಯ್ತು ಬಿಡಿ! ನಿಮ್ಮ ನಾಯಿಗೊಂದು ಔತಣ ಆಗ್ಲಿ ಅಂತ ನನ್ನ ಬಾಯಿಗೆ ಬೀಗ ಹಾಕ್ತಾ ಇದೀರ. ಕೇಳಿದ್ರೆ ನಾನೇ ಒಂದು ಮೂಳೆ ಎಸೀತಿದ್ನಲ್ಲ ಅಪಾ!"

ಮುದುಕಿ ನಗಲಿಲ್ಲ. ತಲೆಗೆ ಕಟ್ಟಿದ್ದ ಬಿಳಿ ವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು, ಒಣಗಿ ನಿಂತಿದ್ದ ತನ್ನ ತೋಟದ ಕಡೆ ತಿರುಗಿ ಹೊರಟುಹೋದಳು.

ಇಲ್ಗಿಜ್ ನಮ್ಮೂರಿಗೆ ಬಂದು ಬಹಳ ದಿನವಾಗಿರಲಿಲ್ಲ. ತೊಕ್ಮೋಕಿನ ಅನಾಥಾಲಯದಲ್ಲಿ ಬೆಳೆದವನು, ಬಿಷ್ಕೆಕಿನಲ್ಲಿ ಗೋಡೆಗೆ ಗಾರೆ ಮೆತ್ತುತ್ತಿದ್ದವನು. ಅಲ್ಲಿ ಪಕ್ಕದಲ್ಲಿ ನಿಂತು ಗಾರೆ ಕಲಸುತ್ತಿದ್ದ ತುರಾತ್ ಒಂದು ಬೇಸಿಗೆ, "ಧೂಳು ತಿಂದಿದ್ದು ಸಾಕು, ಬಾ ನಮ್ಮೂರಿಗೆ, ಹಣ್ಣು ತಿನ್ನುವಿಯಂತೆ," ಎಂದು ಕರೆತಂದ. ಹಣ್ಣು ಬಿಡಿಸಲು ಬಂದವನು ತುರಾತ್‌ನ ಅಕ್ಕ ಜಿಪಾರಳ ಕೈಹಿಡಿದು ಅಲ್ಲೇ ನಿಂತ. ಊರಿನವರು ಮನೆ ಅಳಿಯ ಎಂದು ಆಡಿಕೊಂಡರೆ, "ಏನಾದ್ರೂ ಅನ್ನಿ, ಮನೆ ಅಂತ ಒಂದು ಸಿಕ್ತಲ್ಲ," ಎನ್ನುತ್ತಿದ್ದ.

ಗಂಡಹೆಂಡಿರು ದುಡಿಯುವುದನ್ನು ನೋಡುವುದೇ ಒಂದು ಸೊಗಸು. ಮೇಲಿನ ಪಟ್ಟಿಯಲ್ಲಿ ರಾಸ್ಪ್‌ಬೆರಿ, ಅದರ ಕೆಳಗೆ ಕರಿ ಕರಂಟು ಹಣ್ಣಿನ ಗಿಡ, ಕಾಲುವೆಯ ಅಂಚಿಗೆ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು. ನೀರಿನ ಸರದಿ ಬಂದಾಗ ಅವನು ಸಲಿಕೆ ಹಿಡಿದು ಕಟ್ಟೆ ಒಡೆದರೆ ಅವಳು ಬರಿಗಾಲಲ್ಲಿ ಸಾಲಿನಿಂದ ಸಾಲಿಗೆ ನೀರಿನ ಹಿಂದೆ ಓಡುವಳು. ಬೆಳಗಿನ ಹಣ್ಣನ್ನು ಇಬ್ಬರೂ ಹೊತ್ತು ಸರೋವರದ ರಸ್ತೆಗೆ ಒಯ್ದು ಕಾರುಗಳಿಗೆ ಮಾರುವರು. ಒಂದೇ ಒಂದು ಕೊರತೆ ಎಂದರೆ ಅತ್ತೆ ಆಯಿಮ್‌ಕಾನ್. ಅವಳು ಅಳಿಯನಿಗೆ ಯಾವಾಗಲೂ ಚಹಾವನ್ನು ಬಟ್ಟಲಿನ ಅಂಚಿನವರೆಗೂ ಸುರಿದು ಕೊಡುತ್ತಿದ್ದಳು. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲು, ಮತ್ತೆ ಅರ್ಧ ಬಟ್ಟಲು. ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಎಂದರ್ಥ. ಅನಾಥಾಲಯದಲ್ಲಿ ಬೆಳೆದರೂ ಅವನಿಗೆ ಅದು ಗೊತ್ತಿತ್ತು. ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ಕಡೆಯ ಹನಿಯವರೆಗೂ ಕುಡಿದು, ನಕ್ಕು ಎದ್ದುಹೋಗುತ್ತಿದ್ದ.

ಆ ಮನೆಯ ಉಸಿರೆಲ್ಲ ತುರಾತ್‌ನ ಮೇಲಿತ್ತು. ಒಬ್ಬನೇ ಮಗ. ಅಪ್ಪ ಎದೆ ಕಟ್ಟಿ ಸತ್ತಿದ್ದ; ಈಗ ಮಗನ ಎದೆಯಲ್ಲೂ ಅದೇ ಸದ್ದು. ಉಸಿರೆಳೆದರೆ ಒಡೆದ ಕೊಳವೆಯೊಳಗೆ ಗಾಳಿ ನುಗ್ಗಿದಂಥ ಸಿಳ್ಳೆ. ಆಸ್ಪತ್ರೆಯವರಿಗೆ ಏನೂ ಕಾಣಲಿಲ್ಲ. ಇಲ್ಗಿಜ್ ಅವನನ್ನು ಬೆನ್ನ ಮೇಲೆ ಹೊತ್ತು ಸ್ನಾನಕ್ಕೆ ಒಯ್ಯುತ್ತಿದ್ದ, ಬೆನ್ನು ತಿಕ್ಕುತ್ತಿದ್ದ. "ನಿನ್ನ ಮೂಳೆ ಲೆಕ್ಕ ಹಾಕ್ಬಹುದು ಕಣೋ," ಎಂದರೆ, "ನಿನಗೆ ಲೆಕ್ಕ ಬರಲ್ವಲ್ಲ ಜೆಜ್ದೆ," ಎಂದು ತುರಾತ್ ಸಿಳ್ಳೆಯ ನಡುವೆ ನಗುವನು. ಜೆಜ್ದೆ, ಭಾವ. ಆ ಒಂದು ಕರೆಗೆ ಇಲ್ಗಿಜ್ ಎಷ್ಟು ದೂರ ಬೇಕಾದರೂ ಹೊತ್ತಾನು.

ಹೊತ್ತೇರಿದಾಗ ಬಕ್ಷಿ ಬಂದಳು. ದಪ್ಪ ಹೆಂಗಸು, ಹೊಳೆಯುವ ಲೋಹದ ಹಲ್ಲು. ಒಳಗಿನ ಕೋಣೆಯ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದರು. ಅರ್ಚಾ ಸೊಪ್ಪಿನ ಹೊಗೆ ಛಾವಣಿಗೆ ಬಡಿದು ಕೆಳಗಿಳಿದು ಕಣ್ಣಿಗೆ, ಗಂಟಲಿಗೆ ಇಳಿಯಿತು. ತುರಾತ್ ಬರಿಮೈಯಲ್ಲಿ ಕೂತಿದ್ದ. ಇಲ್ಗಿಜ್ ಹಿಂದಿನಿಂದ ಅವನ ಭುಜ ಹಿಡಿದಿದ್ದ.

ಅಂಗಳದಲ್ಲಿ ಮೇಕೆ ಒಮ್ಮೆ ಕೂಗಿತು. ಮತ್ತೆ ಕೂಗಲಿಲ್ಲ.

ಜಿಪಾರ ಪುಪ್ಪುಸವನ್ನು ತಟ್ಟೆಯಲ್ಲಿ ತಂದಳು. ಅದಿನ್ನೂ ಬಿಸಿಯಾಗಿತ್ತು, ಕತ್ತಲಲ್ಲಿ ಆವಿಯಾಡುತ್ತಿತ್ತು. ಬಕ್ಷಿ ಅದರ ನಾಳವನ್ನು ಮುಷ್ಟಿಯಲ್ಲಿ ಹಿಡಿದು ತುರಾತ್‌ನ ಬೆನ್ನಿಗೆ ಬೀಸಿ ಹೊಡೆದಳು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಪ್ರತಿ ಏಟಿಗೂ ಆ ಸತ್ತ ಪುಪ್ಪುಸ ತನ್ನೊಳಗೆ ಉಳಿದಿದ್ದ ಗಾಳಿಯನ್ನು ಉಸ್ಸೆಂದು ಬಿಡುತ್ತಿತ್ತು. ಬೆನ್ನಿಗೆ, ಎದೆಗೆ, ಪಕ್ಕೆಗೆ. ಬಿಸಿ ರಕ್ತದ ಹನಿಗಳು ಇಲ್ಗಿಜ್‌ನ ತುಟಿಗೂ ಸಿಡಿದವು. ಕಡೆಗೆ ಅವಳು ನಾಳವನ್ನು ರೋಗಿಯ ಬಾಯಿಗೆ ಹಿಡಿದಳು.

"ಊದು. ಒಳಗಿರೋದನ್ನೆಲ್ಲ ಊದು."

ತುರಾತ್ ಊದಿದ. ಮುದುಡಿದ್ದ ಮಾಂಸ ಅಲುಗಿತು. ಗುಲಾಬಿ ಬಣ್ಣಕ್ಕೆ ತಿರುಗಿ, ಮಲಗಿದ ಪ್ರಾಣಿ ಎಚ್ಚರಾದಂತೆ ನಿಧಾನ ಉಬ್ಬಿತು. ಬಕ್ಷಿ ನಾಳಕ್ಕೆ ದಾರ ಬಿಗಿದಳು. "ಇನ್ನು ನಾಯಿಗೆ," ಎಂದಳು. ಆಯಿಮ್‌ಕಾನ್ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು.

ಗೇಟಿನ ಹತ್ತಿರ ನಾಯಿ ಬೊಗಳುತ್ತಿತ್ತು. ತುರಾತ್‌ನಿಗೆ ಕಂಬಳಿ ಹೊದಿಸುತ್ತ ಇಲ್ಗಿಜ್ ಕಿವಿಗೊಟ್ಟ. ಬೊಗಳುವುದು ನಿಲ್ಲಲಿಲ್ಲ. ಅಯ್ಯೋ ಪಾಪ, ಔತಣ ತಪ್ಪಿತು ಎಂದುಕೊಂಡು ಒಳಗೊಳಗೇ ನಕ್ಕ.

ಊಟಕ್ಕೆ ಎಲ್ಲರೂ ಚಾವಡಿಯಲ್ಲಿ ಕೂತರು. ಬಾಣಲೆಯಲ್ಲಿ ಆಲೂಗಡ್ಡೆ, ಈರುಳ್ಳಿ, ಮೇಕೆಯ ಒಳಮಾಂಸ ಹಾಕಿ ಹುರಿದ ಕುಯುರ್ದಾಕ್ ಇನ್ನೂ ಸಿಡಿಯುತ್ತಿತ್ತು. ಆಯಿಮ್‌ಕಾನ್ ಚಹಾ ಬಗ್ಗಿಸಿದಳು. ಅಳಿಯನ ಮುಂದೆ ಇಟ್ಟ ಬಟ್ಟಲು ಅರ್ಧವಿತ್ತು.

ಇಲ್ಗಿಜ್ ಆ ಅರ್ಧ ಬಟ್ಟಲನ್ನೇ ನೋಡುತ್ತ ಕುಳಿತ.

"ಬಾಲಮ್," ಎಂದಳು ಅತ್ತೆ. ಅವಳು ಅವನನ್ನು ಮಗನೇ ಎಂದು ಕರೆದದ್ದು ಅದೇ ಮೊದಲು. "ನನ್ನ ಮಗನ್ನ ಬೆನ್ನ ಮೇಲೆ ಹೊತ್ತೆ. ನಾನು ಕುರುಡಿ, ನೋಡ್ಲಿಲ್ಲ. ಬಾಯಿ ತೆಗಿ." ಬಾಣಲೆಯಿಂದ ಬೆರಳಲ್ಲಿ ಒಂದು ತುತ್ತು ಹಿಡಿದು, ಎಣ್ಣೆ ಅಂಗೈಗೆ ಇಳಿಯುತ್ತಿರಲು, ಅವನ ಬಾಯಿಯ ಹತ್ತಿರ ತಂದಳು.

ಕಲಿಚ್ ಅಪಾ ಹೇಳಿದ್ದು ಅವನಿಗೆ ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಆದರೆ ಅವನ ಬಾಯಿಗೆ ಯಾವ ತಾಯಿಯೂ ತುತ್ತಿಟ್ಟಿರಲಿಲ್ಲ. ಅನಾಥಾಲಯದಲ್ಲಿ ತಗಡಿನ ತಟ್ಟೆ, ಸಾಲು, ಗಂಟೆ. ಆ ಕೈ ಇಷ್ಟು ಹತ್ತಿರ ಬಂದದ್ದಕ್ಕೇ ಅವನ ಕಣ್ಣು ತುಂಬಿದವು. ಜಿಪಾರಳ ಕಡೆ ನೋಡಿದ. ಅವಳು ಬಾಣಲೆಯ ಎಣ್ಣೆಯನ್ನು ನೋಡುತ್ತಿದ್ದಳು.

ಬಾಯಿ ತೆರೆದ. ಮೆತ್ತಗಿತ್ತು. ಅಗಿದರೆ ಅಗಿದಷ್ಟೂ ಹಲ್ಲಿನ ನಡುವೆ ಮತ್ತೆ ಉಬ್ಬಿಕೊಳ್ಳುತ್ತಿತ್ತು. ನುಂಗಿದ. ಆಯಿಮ್‌ಕಾನ್ ಎರಡೂ ಕೈ ಮೇಲಕ್ಕೆತ್ತಿ ಹರಸಿದಳು, "ಖುದಾಯ್ ಕೊಟ್ಟದ್ದು ಪಡೆದವನಲ್ಲೇ ಉಳೀಲಿ, ಓಮಿನ್." ಎಲ್ಲರೂ ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡರು. ಇಲ್ಗಿಜ್ ಎಲ್ಲರಿಗಿಂತ ಹೆಚ್ಚು ಹೊತ್ತು ಸವರಿಕೊಂಡ, ಕಣ್ಣೀರು ಕಾಣದಿರಲೆಂದು.

ಗೇಟಿನ ಹತ್ತಿರ ನಾಯಿ ಇನ್ನೂ ಬೊಗಳುತ್ತಲೇ ಇತ್ತು.

ಕೆಲವೇ ದಿನಗಳಲ್ಲಿ ತುರಾತ್ ಎದ್ದು ಕುಳಿತ. ಆಮೇಲೆ ಅಂಗಳಕ್ಕೆ ಬಂದ. ಆಮೇಲೆ ಸಲಿಕೆ ಹಿಡಿದ. ಊರೇ ಬಂದು ನೋಡಿ ದೇವರಿಗೆ ವಂದಿಸಿತು.

ಇಲ್ಗಿಜ್‌ನಿಗೆ ಕೆಮ್ಮು ಹತ್ತಿತು. ಮೊದಲು ಬಾಯಿಗೆ ಹಸಿ ಮಣ್ಣಿನ ರುಚಿ. ಆಮೇಲೆ ಮೂಗಿಗೆ ಈರುಳ್ಳಿಯ ವಾಸನೆ. ಎಲ್ಲಿ ಹೋದರೂ, ತೋಟದ ನಡುವೆ ನಿಂತರೂ, ಎಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ. ಒಂದು ಬೆಳಿಗ್ಗೆ ಹಣ್ಣು ಬಿಡಿಸುವಾಗ ಹಿಂದೆ ಯಾರೋ ಸಿಳ್ಳೆ ಹಾಕಿದಂತಾಯಿತು. ತಿರುಗಿ ನೋಡಿದ. ಯಾರೂ ಇಲ್ಲ. ಉಸಿರು ಹಿಡಿದ. ಸಿಳ್ಳೆ ನಿಂತಿತು. ಉಸಿರು ಬಿಟ್ಟ. ಸಿಳ್ಳೆ.

ಅವನು ಬಿಡಿಸಿದ ಹಣ್ಣಿಗೆ ಮಧ್ಯಾಹ್ನದೊಳಗೆ ಬೂದು ಬೂಷ್ಟು ಹತ್ತುತ್ತಿತ್ತು. ಜಿಪಾರಳದ್ದು ಹೊಳೆಯುತ್ತಿತ್ತು. ಅವಳು ಏನೂ ಕೇಳಲಿಲ್ಲ. ಅವನ ಪೆಟ್ಟಿಗೆಗಳನ್ನು ಬೇರೆ ಇಟ್ಟಳು. ಅವನ ಬಟ್ಟಲನ್ನು ಬೇರೆ ತೊಳೆದಳು.

"ನನ್ನ ಹಣ್ಣಿಗೆ ಏನಾಗಿದೆ ಜಿಪಾರ?"

"ಇಬ್ಬನಿ ಆರೋ ಮೊದಲೇ ಬಿಡಿಸ್ತೀಯ. ಅದಕ್ಕೆ."

"ನೀನೂ ಅದೇ ಹೊತ್ತಿಗೆ ಬಿಡಿಸ್ತೀಯಲ್ಲ."

"ನನ್ನ ಕೈ ತಣ್ಣಗಿದೆ," ಎಂದಳು, ಮುಖ ಎತ್ತದೆ.

ಜಾಮ್ ಮಾಡುವ ದಿನ ಬಂತು. ನಡುಮಧ್ಯಾಹ್ನ. ಖಾಲಿ ಜಾಡಿಗಳನ್ನು ತರಲು ಇಲ್ಗಿಜ್ ಅಂಗಳದ ನೆಲಮಾಳಿಗೆಗೆ ಇಳಿದ. ಏಣಿಯ ಕೆಳಗೆ ಹೋದ ವರ್ಷದ ಮುದಿ ಆಲೂಗಡ್ಡೆಯ ರಾಶಿ. ಬೆಳಕಿಲ್ಲದೆ ಬಿಳಿ ಮೊಳಕೆಗಳು ಉದ್ದುದ್ದ ಬೆಳೆದು ಗೋಡೆ ಹಿಡಿದಿದ್ದವು. ಮೂಲೆಯಲ್ಲಿ ಕ್ಯಾರೆಟ್ ಹೂತಿಡುವ ಒದ್ದೆ ಮರಳು. ಇಲಿಯ ನಾತ. ಗಾಳಿಗೆಂದು ಇಟ್ಟ ತಗಡಿನ ಕೊಳವೆ ಮೇಲೆ ಒಲೆಯ ಪಕ್ಕದಲ್ಲೇ ಬಾಯಿ ತೆರೆದಿತ್ತು. ಅದರೊಳಗಿಂದ ಮಾತು ಇಳಿದು ಬರುತ್ತಿತ್ತು, ಕಿವಿಯಲ್ಲಿ ಹೇಳಿದಂತೆ.

"ತುರಾತ್ ಇವತ್ತು ಮತ್ತೆ ಹಾಕಿಸ್ಕೊಂಡು ತಿಂದ, ನೋಡಿದ್ಯಾ?" ಅತ್ತೆಯ ಧ್ವನಿ. "ಅವನು ಆರಿಸಿದ್ದು ಸರಿಯಾಗೇ ಇತ್ತು. ಹಿಂದಿಲ್ಲ ಮುಂದಿಲ್ಲ. ನಾಳೆ ಬಂದು ಇವನು ಹೇಗೆ ಸತ್ತ ಅಂತ ಕೇಳೋರಿಲ್ಲ."

"ಎನೆ, ಮೆಲ್ಲಗೆ." ಅಮ್ಮನನ್ನು ಎನೆ ಎಂದು ಕರೆದದ್ದು ಜಿಪಾರ.

"ಯಾಕೆ ಮೆಲ್ಲಗೆ? ತೋಟದಲ್ಲಿದಾನೆ."

"ಅವನ ಪಕ್ಕ ಮಲಗೋಳು ನಾನು. ಆ ಸಿಳ್ಳೆ ನನ್ನ ಕಿವೀಲೇ ಊದುತ್ತೆ."

"ಹತ್ತಿ ಇಟ್ಕೋ."

"ಪುಪ್ಪುಸ ಹೆಚ್ಚಿದ್ದು ನಾನು ಎನೆ. ಈರುಳ್ಳಿ ಹಾಕಿ ಹುರಿದದ್ದು ನಾನು."

"ಬಾಯಿಗಿಟ್ಟಿದ್ದು ನಾನು. ಪಾಪ ನನಗಿರ್ಲಿ. ನೀನು ಜಾಮ್ ತಿರುಗಿಸು, ತಳ ಹಿಡೀತಿದೆ."

ಇಲ್ಗಿಜ್‌ನ ಕೈಯಿಂದ ಜಾಡಿ ಜಾರಿತು. ಒಡೆಯಿತು. ಕೆಮ್ಮು ಬಂತು. ತಡೆದಷ್ಟೂ ಬಂತು.

ಮೇಲೆ ಮಾತು ನಿಂತಿತು. ಹೆಜ್ಜೆಯ ಸದ್ದು. ತೆರೆದಿದ್ದ ಚೌಕದ ಬೆಳಕಿಗೆ ಒಂದು ಲಂಗದ ನೆರಳು ಬಿತ್ತು. ಮರದ ಮುಚ್ಚಳ ದಡ್ಡನೆ ಬಿತ್ತು. ಅದರ ಮೇಲೆ ಏನೋ ಭಾರವನ್ನು ಎಳೆದು ಕೂರಿಸಿದ ಸದ್ದು.

ಕತ್ತಲು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಇಲ್ಲಿ ತನ್ನ ಕೈ ತನಗೆ ಕಾಣದು. ಉಸಿರೆಳೆದ. ಸಿಳ್ಳೆ. ಮರಳಿನ ಮೂಲೆಯಿಂದ ಇನ್ನೊಂದು ಸಿಳ್ಳೆ. ಒಂದು ಚೂರು ತಡವಾಗಿ.

ಪ್ರತಿಧ್ವನಿ ಎಂದುಕೊಂಡ. ಉಸಿರು ಹಿಡಿದ.

ಆ ಸಿಳ್ಳೆ ನಿಲ್ಲಲಿಲ್ಲ.

ಹಿಂದೆ ಸರಿದ. ಬಿಳಿ ಮೊಳಕೆಗಳು ಕುತ್ತಿಗೆ ಸವರಿದವು. ತಣ್ಣಗೆ. ಒದ್ದೆ ಬೆರಳಿನಂತೆ. ಮರಳು ಸರಸರ ಸರಿಯಿತು. ಸಿಳ್ಳೆ ಹತ್ತಿರ ಬಂತು. ಇನ್ನೂ ಹತ್ತಿರ. ಕೆನ್ನೆಗೆ ಬೆಚ್ಚನೆಯ ಗಾಳಿ ತಾಗಿತು. ಹುರಿದ ಈರುಳ್ಳಿಯ ವಾಸನೆ. ತನ್ನ ಎದೆ ಉಬ್ಬುವುದಿಲ್ಲ. ಅದು ಉಬ್ಬುತ್ತಿದೆ. ತನ್ನ ಉಸಿರನ್ನು ಅದು ಎಳೆಯುತ್ತಿದೆ.

"ಜಿಪಾರ!"

ಮೇಲೆ ಕೊಳವೆಯ ಬಾಯಲ್ಲಿ ಸೌಟು ಬಾಣಲೆಯ ತಳ ಕೆರೆಯುವ ಸದ್ದು. ಕರ್ರ್, ಕರ್ರ್. ನಿಂತಿತು. ಅವಳಿಗೆ ಕೇಳಿಸಿತ್ತು.

"ಜಿಪಾರ, ತೆಗಿ!"

ಕರ್ರ್, ಕರ್ರ್. ಅವಳು ಮತ್ತೆ ತಿರುಗಿಸತೊಡಗಿದಳು.

ಎಷ್ಟು ಹೊತ್ತೋ. ಮೇಲೆ ಭಾರ ಸರಿಯಿತು. ಚೌಕದಿಂದ ಬೆಳಕು ಸುರಿಯಿತು. ಕೆನ್ನೆ ಕೆಂಪಾದ ತುರಾತ್ ಬಗ್ಗಿ ಕೈ ಚಾಚಿದ್ದ. "ಜೆಜ್ದೆ? ಅಯ್ಯೋ, ನೀನಾ ಒಳಗೆ? ಈ ಮೂಟೆ ಯಾರಪ್ಪ ಇಟ್ಟಿದ್ದು?"

ಇಲ್ಗಿಜ್ ಆ ಕೈ ಹಿಡಿದು ಮೇಲೆ ಬಂದ. ಕೈ ಬಿಡಲಿಲ್ಲ. ಒಂದು ಕಾಲಕ್ಕೆ ಮೂಳೆಯಾಗಿದ್ದ ಕೈ, ಈಗ ಬಿಸಿ, ಗಟ್ಟಿ. ಒಲೆಯ ಹತ್ತಿರ ಯಾರೂ ಇರಲಿಲ್ಲ. ಜಾಮ್ ಗುಳುಗುಳು ಕುದಿಯುತ್ತಿತ್ತು.

"ನನ್ನ ಆರಿಸಿದ್ದು ನೀನಾ?"

ತುರಾತ್‌ನ ಮುಖದಿಂದ ನಗು ಜಾರಿತು.

"ಬಿಷ್ಕೆಕಿನಲ್ಲಿ, ಹಣ್ಣು ತಿನ್ನೋಕೆ ಬಾ ಅಂದ್ಯಲ್ಲ. ಆಗಲೇ ಕೆಮ್ಮು ಶುರುವಾಗಿತ್ತಾ?"

"ಆಗಿತ್ತು."

"ಆಗಲೇ ಗೊತ್ತಿತ್ತಾ?"

"ಅಪ್ಪ ಹೋಗಿದ್ದನ್ನ ನೋಡಿದ್ದೆ ಜೆಜ್ದೆ. ಹಾಗೆ ಹೋಗೋಕೆ ನನಗೆ ಆಗ್ತಿರ್ಲಿಲ್ಲ." ಅವನು ಅಳುತ್ತಿದ್ದ, ಅಳುವಾಗಲೂ ಉಸಿರು ತಡೆಯಿಲ್ಲದೆ ಹರಿಯುತ್ತಿತ್ತು. "ನಿನಗೆ ಅಂತ ಅಳೋರು ಯಾರೂ ಇರ್ಲಿಲ್ಲ. ಅದಕ್ಕೆ..."

"ನನ್ನ ಬೆನ್ನ ಮೇಲೆ ಕೂತಾಗಲೂ?"

ಇಲ್ಗಿಜ್ ಅವನ ಕೈಯನ್ನು ಬಿಟ್ಟ.

ಕಲಿಚ್ ಅಪಾ ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ಒಣ ಕೊಂಬೆ ಮುರಿಯುತ್ತಿದ್ದಳು. ಬೇಲಿ ಹಿಡಿದು ಹಿಡಿದು ಬಂದವನ ಎದೆಯ ಸದ್ದನ್ನು ಕೇಳಿ ಕೊಂಬೆ ಕೆಳಗಿಟ್ಟಳು.

"ತಿಂದ್ಯಾ?"

"ತಿಂದೆ."

"ನಾಯಿ ಬೊಗಳ್ತಾ ಇದ್ದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನಕ್ಕೆ." ಅವನು ನೆಲಕ್ಕೆ ಕುಸಿದ. "ಯಾರು ಅಪಾ? ಈ ಮನೆಗೆ ಯಾರು ಇದನ್ನ ಮಾಡಿದ್ದು?"

"ನಾನು," ಎಂದಳು ಕಲಿಚ್ ಅಪಾ. ನೀರು ತಂದೆ ಎಂದಷ್ಟೇ ಸಾದಾ ಧ್ವನಿಯಲ್ಲಿ. "ತುರಾತ್‌ನ ಅಪ್ಪ ನಮ್ಮ ಸರದಿಯ ನೀರು ತಿರುಗಿಸ್ಕೊಂಡ. ನನ್ನ ಗಂಡ ಕೇಳೋಕೆ ಹೋದ, ಅವನು ಇವನನ್ನ ಕಾಲುವೆಗೆ ತಳ್ಳಿದ. ಹಿಮ ಕರಗಿದ ನೀರು. ಎದೆ ಕಟ್ಟಿ, ಉಸಿರು ಸಿಕ್ಕದೆ ಸತ್ತ ನನ್ನವನು. ಮಣ್ಣು ಮಾಡಿ ಬಂದು, ಕಾಲುವೆ ಬಾಯಲ್ಲಿ ಗಂಡಸರೆಲ್ಲ ಸೇರಿದ್ರಲ್ಲ, ಅಲ್ಲಿ ಹೋಗಿ ಕೈ ಎತ್ತಿದೆ. ಅಂಗೈ ಕೆಳಗೆ ಮಾಡಿ, ಶಾಪಕ್ಕೆ ಎತ್ತಿದೆ. ಆ ಮನೆ ಗಂಡಸರ ಎದೇಲಿ ಉಸಿರಿಗೆ ಜಾಗ ಇಲ್ದೆ ಹೋಗ್ಲಿ ಅಂದೆ. ಕೈ ಎತ್ತಿದ್ದನ್ನ ಕಂಡ್ರೆ ಸಾಕಲ್ಲ ನಮ್ಮ ಜನಕ್ಕೆ! ಹರಸ್ತಾಳೆ ಅಂದ್ಕೊಂಡು ಅಭ್ಯಾಸಕ್ಕೆ ಎಲ್ಲರೂ ಮುಖ ಸವರ್ಕೊಂಡು ಓಮಿನ್ ಅಂದ್ರು. ನನ್ನ ಗಂಡನ್ನ ತಳ್ಳಿದೋನೂ ಅಂದ. ಅಂದ ಮೇಲೆ ಅವನಿಗೆ ನನ್ನ ಮಾತು ಅರ್ಥ ಆಯ್ತು."

ಸಂಜೆಯ ಗಾಳಿಗೆ ಒಣ ಗಿಡಗಳು ಕಟಕಟ ಎಂದವು.

"ವಾಪಸ್ ತಗೊಳ್ಳಿ."

"ಓಮಿನ್ ಅಂದಿದ್ದು ಅವರು. ನನ್ನ ಕೈಯಲ್ಲಿಲ್ಲ."

"ನನ್ನ ಮೇಲೆ ಕನಿಕರ ಪಟ್ಟು ಎಚ್ಚರಿಸಿದ್ರಿ ಅಂದ್ಕೊಂಡಿದ್ದೆ."

"ಕನಿಕರ?" ಮುದುಕಿ ಅವನನ್ನು ಹೊಸಬನೆಂಬಂತೆ ನೋಡಿದಳು. "ಅದು ಅವರ ಮನೆ ಮಗನಿಗೆ ಕಳಿಸಿದ್ದು. ನಾಯಿ ತಿಂದಿದ್ರೆ ಅವನಲ್ಲೇ ಉಳೀತಿತ್ತು, ದಾಟೋಕೆ ಮನುಷ್ಯನ ಬಾಯೇ ಬೇಕು. ದಾರೀಲಿ ಹೋಗೋನ ಹೊಟ್ಟೆಗೆ ಹೋಗಿ ಹಾಳಾಯ್ತು." ಕೊಂಬೆಯನ್ನು ಮತ್ತೆ ಎತ್ತಿಕೊಂಡು ಹೇಳಿದಳು, "ಬೇಕಾದ್ರೆ ಅಲ್ಲಿಗೇ ಕಳಿಸು. ಒಂದು ತುತ್ತಿಗೆ ನಿನ್ನ ಉಸಿರು ಊದು. ನಿನ್ನ ಕೈಯಿಂದ ಅವರ ಬಾಯಿಗೆ ಇಡು. ನುಂಗಿದ್ರೆ ಆಯ್ತು."

ಹೊತ್ತು ಮುಳುಗುವ ಮೊದಲು ಅವನು ಮನೆ ಸೇರಿದ. ಚಾವಡಿಯಲ್ಲಿ ಮೂವರೂ ಚಹಾಕ್ಕೆ ಕುಳಿತಿದ್ದರು. ಸರೋವರ ತಾಮ್ರದ ತಟ್ಟೆಯಂತೆ ಹೊಳೆಯುತ್ತಿತ್ತು. ಇಲ್ಗಿಜ್ ಕೂತ. ರೊಟ್ಟಿ ಮುರಿದ. ಹೊಸ ಜಾಮ್ ಸವರಿದ. ತುಟಿಯ ಹತ್ತಿರ ತಂದು ಊದಿದ. ಆ ಸಿಳ್ಳೆ ಚಾವಡಿಯ ಈ ತುದಿಯಿಂದ ಆ ತುದಿಗೆ ಹರಿಯಿತು.

"ತಗೋ ತುರಾತ್. ಜೆಜ್ದೆಯ ಕೈತುತ್ತು."

ತುರಾತ್‌ನ ಕೆನ್ನೆಯ ಕೆಂಪು ಇಳಿಯಿತು. ತುಟಿ ಬಿಗಿದು ಗೋಡೆಗೆ ಒತ್ತಿಕೊಂಡ.

"ಎನೆ, ನೀವು? ಬಾಯಿ ತೆಗೀರಿ. ನನ್ನನ್ನ ಬಾಲಮ್ ಅಂದ್ರಲ್ಲ."

ಆಯಿಮ್‌ಕಾನ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ, "ಖುದಾಯ್, ಖುದಾಯ್," ಎಂದಳು.

ಇಲ್ಗಿಜ್‌ನಿಗೆ ನಗು ಬಂತು. ನಗು ಕೆಮ್ಮಾಯಿತು. "ನೋಡಿ, ಎಲ್ಲರೂ ನಂಬೋರೇ! ಈ ಮನೇಲಿ ನಂಬದೆ ಇದ್ದೋನು ನಾನೊಬ್ಬನೇ."

"ಇತ್ತ ಕೊಡು," ಎಂದಳು ಜಿಪಾರ.

ಅವಳು ಎದ್ದು ಬಂದು ಎದುರಿಗೆ ಮಂಡಿಯೂರಿದಳು. ತಾಯಿ ಚೀರಿದಳು, ತುರಾತ್ ಅಕ್ಕನ ತೋಳು ಹಿಡಿದ, ಅವಳು ಕೊಡವಿಕೊಂಡಳು. "ಮೊದಲು ನಿನ್ನ ಕಟ್ಕೊಂಡಿದ್ದು ಅದಕ್ಕೇ," ಎಂದಳು. "ಆಮೇಲೆ ಹಾಗಿರ್ಲಿಲ್ಲ. ಅಷ್ಟೊತ್ತಿಗೆ ಮೇಕೆ ತಂದಾಗಿತ್ತು." ಅವನ ಮಣಿಕಟ್ಟು ಹಿಡಿದಳು. ನಿಜಕ್ಕೂ ಅವಳ ಕೈ ತಣ್ಣಗಿತ್ತು.

ಅವನು ಕೈ ಹಿಂದಕ್ಕೆಳೆಯಬಹುದಿತ್ತು. ಅಷ್ಟು ಹೊತ್ತು ಇತ್ತು. ಸೌಟು ಬಾಣಲೆ ಕೆರೆಯುವ ಸದ್ದು ಅವನ ಕಿವಿಯಲ್ಲಿತ್ತು. ಕೈ ಎಳೆಯಲಿಲ್ಲ. ಅವಳು ತಿಂದಳು. ಅಗಿದಳು. ಅವನ ಕಣ್ಣನ್ನೇ ನೋಡುತ್ತ ನುಂಗಿದಳು.

ಮರುದಿನ ಅವನ ಬಾಯಿಯ ಮಣ್ಣಿನ ರುಚಿ ಹೋಯಿತು. ಅದರ ಮರುದಿನ ಎದೆಯ ಬಾಗಿಲು ಬಿಚ್ಚಿಕೊಂಡಿತು. ಬೆಟ್ಟದ ಗಾಳಿ ಪೂರಾ ಒಳಗೆ ಬಂದು ಪೂರಾ ಹೊರಗೆ ಹೋಯಿತು. ಒಳಕೋಣೆಯಿಂದ ಸಿಳ್ಳೆ ಕೇಳಿಸತೊಡಗಿತು. ಹೆಣ್ಣೆಂದು ಅದು ಬಿಡಲಿಲ್ಲ. ಆಯಿಮ್‌ಕಾನ್ ಬಕ್ಷಿಯನ್ನು ಕರೆಯಲು ಹೋದಳು. ಬಕ್ಷಿ ಬಾಗಿಲು ತೆರೆಯಲಿಲ್ಲ.

ಇಲ್ಗಿಜ್ ಹೋಗಲೂ ಇಲ್ಲ, ಇರಲೂ ಇಲ್ಲ. ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿದ. ತಾನೇ ಬೇಯಿಸಿಕೊಂಡು ತಿಂದ. ಆಲೂಗಡ್ಡೆ ಅಗೆದ, ಎಲೆಕೋಸು ಕೊಯ್ದ, ಹಣ್ಣು ಮುಗಿದ ಗಿಡಗಳನ್ನು ಚಳಿಗಾಲಕ್ಕೆ ನೆಲಕ್ಕೆ ಬಾಗಿಸಿ ಕಟ್ಟಿದ. ಹೆಂಡತಿಯ ಕಿಟಕಿಯ ಕಡೆ ನೋಡದೆ, ಎರಡಾಳಿನ ಕೆಲಸ ಒಬ್ಬನೇ ಮಾಡಿದ.

ಬೆಟ್ಟದ ನೆತ್ತಿಗೆ ಮೊದಲ ಹಿಮ ಬಿದ್ದ ಬೆಳಿಗ್ಗೆ ಅವನು ಕೊಟ್ಟಿಗೆಯ ಹೊಸ್ತಿಲಲ್ಲಿ ಕುಳಿತು ಬೂಟಿನ ಮಣ್ಣು ಕೆರೆಯುತ್ತಿದ್ದ. ಜಿಪಾರ ಒಳಕೋಣೆಯಿಂದ ಹೊರಬಂದಳು. ಗೋಡೆ ಹಿಡಿದು, ಬೇಲಿ ಹಿಡಿದು ಮೊದಲ ಸಾಲಿನವರೆಗೆ ಹೋದಳು. ಎಲೆಯ ಮರೆಯಲ್ಲಿ ಉಳಿದುಬಿಟ್ಟ ಒಂದು ಹಣ್ಣನ್ನು ಹುಡುಕಿ ಬಿಡಿಸಿದಳು. ಅಷ್ಟು ದೂರವನ್ನೂ ಮತ್ತೆ ಹಿಡಿದು ಹಿಡಿದು ನಡೆದು ಬಂದು ಅವನ ಎದುರು ನಿಂತಳು. ವಸ್ತ್ರದ ತುದಿಯನ್ನು ಮೂಗು ಬಾಯಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಸಿಳ್ಳೆ ಅಡಗಿಸಲು ಎಂದುಕೊಂಡ ಅವನು.

ಕೈ ಚಾಚಿದಳು. ಹಣ್ಣು ಅವನ ತುಟಿಯ ಹತ್ತಿರ ಬಂತು. ಸಿಹಿ ವಾಸನೆ ಬಂತು.

ಇಲ್ಗಿಜ್ ಮುಖ ತಿರುಗಿಸಿದ.

ಅವಳು ಕೈ ಇಳಿಸಲಿಲ್ಲ. ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಯಿಮ್‌ಕಾನ್ ಓಡಿಬಂದಳು. ಮಗಳ ಕಾಲ ಬಳಿ ಕೆಸರಲ್ಲಿ ಮಂಡಿಯೂರಿದಳು. ತಲೆವಸ್ತ್ರ ಜಾರಿ ಬಿಳಿ ಕೂದಲು ಗಾಳಿಗೆ ಹಾರಿತು. "ನನಗೆ ಕೊಡು," ಎಂದಳು. "ಅವನಿಗೆ ಬೇಡ್ವೇ, ನನಗೆ ಕೊಡೇ ತಾಯಿ. ನನ್ನ ಬಾಯಿಗಿಡು." ಹಕ್ಕಿಮರಿಯಂತೆ ಬಾಯಿ ತೆರೆದಳು.

ಜಿಪಾರ ತಲೆಯಾಡಿಸಿದಳು.

"ಇದರಲ್ಲಿ ಏನೂ ಇಲ್ಲ ಎನೆ," ಎಂದಳು ವಸ್ತ್ರದ ಒಳಗಿನಿಂದ. "ಉಸಿರು ತಾಗಬಾರ್ದು ಅಂತಲೇ ಬಾಯಿ ಕಟ್ಕೊಂಡು ಬಂದೆ. ಬರೀ ಹಣ್ಣು. ಕಡೇದು. ಇವನಿಗೆ ಒಂದು ಸಲ ನಾನು ತಿನ್ಸೋಣ ಅಂತ."

ಕೈ ಇನ್ನೂ ಚಾಚಿಯೇ ಇತ್ತು. ಇಲ್ಗಿಜ್ ಅವಳ ಕಣ್ಣು ನೋಡಿದ. ಬಿಗಿದು ಕಟ್ಟಿದ ಗಂಟು ನೋಡಿದ. ಅವಳ ಮಾತನ್ನು ನಂಬಿದ.

ಆದರೂ ಅವನ ಬಾಯಿ ತೆರೆಯಲಿಲ್ಲ.